ಆಕರಕೋಶಗಳೂ ಅವುಗಳ ಸಾಕಣೆಯೂ

ಬಿತ್ತಿದ ಬೀಜ ಒಂದೇ ಆದ ಮಾತ್ರಕ್ಕೆ ಬೆಳೆದ ಪೈರೂ ಒಂದೇ ಆಗಬೇಕೆಂಬ ನಿಯಮವಿಲ್ಲ. ಒಂದೇ ಮುಡಿಯ ಬಿತ್ತವನ್ನು ಬೈಲುಗದ್ದೆಗೂ ಬೆಟ್ಟುಗದ್ದೆಗೂ ಹಂಚಿದರೆ, ಎರಡು ಕಡೆಯ ನೇಜಿಯಲ್ಲಿ ಬಣ್ಣ, ಎತ್ತರ, ಬಲಗಳು ಬೇರೆಬೇರೆಯಾಗಿ ತೋರುವುದನ್ನು ನಮ್ಮ ಜಿಲ್ಲೆಯ ಕೃಷಿಕರು ಕಂಡೇ ಇರುವರು. ಗೃಹಿಣಿಯರಿಗಂತೂ ಇದು ದಿನದಿನದ ಅನುಭವ. ಬಿಕರ್ನಕಟ್ಟೆಯ ನಮ್ಮ ಮನೆಗಳಲ್ಲಿ ಬಹುಪಾಲು ಮಂದಿ ನೆರೆಯ ಕುಲಶೇಖರದ ಡೇರಿಯ ಹಾಲನ್ನೇ ಕೊಳ್ಳುವರು. ಹಾಲು ಎಲ್ಲರಿಗೂ ಒಂದೇ. ಆದರೆ ಹೆಪ್ಪು ಹಾಕುವ ಹೊತ್ತಿನ ಬಿಸಿ, ಹೆಪ್ಪಿನ ಹಳತುತನ, ಪಾತ್ರೆ, ಮಳೆಗಾಲವೋ ಬೇಸಗೆಯೋ ಎಂಬ ಭೇದ, ಇವುಗಳಿಂದ ಒಂದು ಮನೆಯ ಮೊಸರು ಗಟ್ಟಿಯಾಗಿಯೂ ಇನ್ನೊಂದು ಮನೆಯದು ನೀರಾಗಿಯೂ ಮತ್ತೊಂದರದು ಬಾಯಿಗಿಡಲಾಗದಷ್ಟು ಹುಳಿಯಾಗಿಯೂ ಪರಿಣಮಿಸುವುದು.

ಇದೇ ನಿಯಮವು ಮನುಷ್ಯದೇಹದ ಅತಿ ಸೂಕ್ಷ್ಮವಾದ ಜೀವಕೋಶಗಳಿಗೂ ಅನ್ವಯಿಸುವುದೆಂಬುದು ಈಚಿನ ಎರಡು ಮೂರು ದಶಕಗಳಲ್ಲಿ ಪ್ರಯೋಗಶಾಲೆಗಳಿಂದ ದೃಢಪಟ್ಟ ಸಂಗತಿ. ಸ್ಟೆಮ್ ಸೆಲ್ ಎಂಬ ಹೆಸರು ಈಗ ಆಸ್ಪತ್ರೆಗಳಲ್ಲಿಯೂ ವರ್ತಮಾನಪತ್ರಿಕೆಗಳಲ್ಲಿಯೂ ಪದೇಪದೇ ಕೇಳಿಬರುತ್ತಿದೆ. ಹೆರಿಗೆಗೆ ಬಂದ ಮಗಳ ಕೂಸಿನ ಹೊಕ್ಕುಳಬಳ್ಳಿಯ ರಕ್ತವನ್ನು ಕಾದಿಡಬೇಕೆಂದು ಒಬ್ಬರು ಹೇಳುವರು. ಅಜ್ಜಿಯ ಮೊಣಕಾಲಿಗೆ ಈ ಕೋಶಗಳ ಚುಚ್ಚುಮದ್ದು ಮಾಡಿಸಬಹುದೆಂದು ಇನ್ನೊಬ್ಬರು ಹೇಳುವರು. ಮಾತು ಬಾರದ ಮಗುವಿಗೂ ಇದೇ ಮದ್ದೆಂದು ಆಸೆ ಹುಟ್ಟಿಸುವವರೂ ಉಂಟು. ಇಂತಹ ಸಂದರ್ಭಗಳಲ್ಲಿ ಮನೆಯ ಹಿರಿಯರು, “ಈ ಕೋಶಗಳನ್ನು ಎಲ್ಲಿಂದ ತೆಗೆದರು?” ಎಂದು ವಿಚಾರಿಸುವರು. ಪ್ರಶ್ನೆ ಯೋಗ್ಯವಾದುದೇ. ಆದರೆ ಅದಕ್ಕೂ ಮುಖ್ಯವಾದ ಪ್ರಶ್ನೆಯೊಂದಿದೆ: “ತೆಗೆದ ಬಳಿಕ ಹೇಗೆ ಸಾಕಿದರು?” ಈ ಎರಡನೆಯ ಪ್ರಶ್ನೆಯನ್ನು ಏಕೆ ಕೇಳಬೇಕೆಂಬುದನ್ನು ನಮ್ಮ ವಾಚಕರಿಗೆ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಆಕರಕೋಶವೆಂದರೇನು?

ನಮ್ಮ ದೇಹವು ಕೋಟಿಕೋಟಿ ಜೀವಕೋಶಗಳಿಂದಾದುದು. ಅವುಗಳಲ್ಲಿ ಬಹುಪಾಲು ತಮ್ಮ ಕಸುಬನ್ನು ಮೊದಲೇ ಆರಿಸಿಕೊಂಡವು. ನರದ ಕೋಶವು ನರವಾಗಿಯೇ ಇರುವುದು. ಸ್ನಾಯುವಿನದು ಸ್ನಾಯುವಾಗಿಯೇ ಸವೆಯುವುದು. ಇವುಗಳ ನಡುವೆ ಅಲ್ಲಲ್ಲಿ, ಇನ್ನೂ ಕಸುಬು ಹಿಡಿಯದೆ ಉಳಿದ ಕೆಲವು ಕೋಶಗಳುಂಟು. ಅವು ತಮ್ಮಂತಹ ಕೋಶಗಳನ್ನೇ ಮತ್ತೆ ಹುಟ್ಟಿಸಬಲ್ಲವು. ಬೇಕಾದಾಗ ರಕ್ತ, ಎಲುಬು, ಚರ್ಮ ಮೊದಲಾದ ಕಸುಬಿನ ಕೋಶಗಳಾಗಿಯೂ ಮಾರ್ಪಡಬಲ್ಲವು. ಇವೇ ಸ್ಟೆಮ್ ಸೆಲ್‌ಗಳು. ಕನ್ನಡದಲ್ಲಿ ಆಕರಕೋಶಗಳೆಂದು ಕರೆಯುವರು.

ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಬೆಳೆದ ದೇಹದ ಅಸ್ಥಿಮಜ್ಜೆ, ಕೊಬ್ಬು, ಹಲ್ಲಿನ ತಿರುಳು ಮುಂತಾದ ಕಡೆ ಇರುವವು ಒಂದು ಬಗೆ. ಇವುಗಳ ಸಾಮರ್ಥ್ಯಕ್ಕೆ ಒಂದು ಮಿತಿಯುಂಟು. ಕೆಲವೇ ದಿನಗಳ ಭ್ರೂಣದಿಂದ ತೆಗೆದವು ಎರಡನೆಯವು; ಇವು ದೇಹದ ಯಾವ ಅಂಗದ ಕೋಶವಾಗಿಯೂ ಮಾರ್ಪಡಬಲ್ಲವು. ಇಂತಹವುಗಳನ್ನು ಮನುಷ್ಯಭ್ರೂಣದಿಂದ ಮೊದಲು ಬೇರ್ಪಡಿಸಿ ಸಾಕಿದವರು ಅಮೆರಿಕದ ಜೇಮ್ಸ್ ಥಾಮ್ಸನ್ ಎಂಬವರು. ಅದು ೧೯೯೮ರ ಮಾತು. ಮೂರನೆಯವು, ಬೆಳೆದ ಮನುಷ್ಯನ ಚರ್ಮದ ಅಥವಾ ರಕ್ತದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಭ್ರೂಣದ ಕೋಶದಂತೆ ಮಾಡಿದವು. ಜಪಾನಿನ ಶಿನ್ಯಾ ಯಮನಾಕ ಅವರು ಇದನ್ನು ೨೦೦೬ರಲ್ಲಿ ಇಲಿಯ ಕೋಶದಲ್ಲಿಯೂ ೨೦೦೭ರಲ್ಲಿ ಮನುಷ್ಯನ ಕೋಶದಲ್ಲಿಯೂ ಸಾಧಿಸಿ, ೨೦೧೨ರಲ್ಲಿ ಜಾನ್ ಗರ್ಡನ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು.

ಸಾಕುವುದೇಕೆ?

ಈ ವಿದ್ಯೆ ನಮಗೆ ದೂರದೇಶದ ಸುದ್ದಿಯಲ್ಲ. ಬಿಕರ್ನಕಟ್ಟೆಯಿಂದ ನಂತೂರು, ಪಂಪ್‌ವೆಲ್ ಮಾರ್ಗವಾಗಿ ಹೋಗಿ, ನೇತ್ರಾವತಿಯ ಸೇತುವೆಯನ್ನು ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿದರೆ ದೇರಳಕಟ್ಟೆ ಸಿಕ್ಕುವುದು. ಅಲ್ಲಿಯ ನಿಟ್ಟೆ ವಿಶ್ವವಿದ್ಯಾಲಯದಲ್ಲಿ ಆಕರಕೋಶಗಳ ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಸಮೀಪದ ಯೇನೆಪೋಯ ಸಂಶೋಧನಾ ಕೇಂದ್ರದಲ್ಲಿಯೂ ಇಂತಹ ಕೆಲಸ ನಡೆಯುತ್ತಿದೆ. ಹಲ್ಲಿನ ತಿರುಳಿನ ಕೋಶಗಳು ಇಂತಹ ಸಂಶೋಧನೆಯಲ್ಲಿ ಬಹಳ ಬಳಕೆಯಲ್ಲಿರುವ ವಸ್ತು. ಬೇರೊಂದು ಕಾರಣಕ್ಕಾಗಿ ಕಿತ್ತ ಹಲ್ಲಿನಿಂದಲೇ ಅವು ದೊರೆಯುವುದರಿಂದ, ಅದಕ್ಕೆಂದು ರೋಗಿಯನ್ನು ಮತ್ತೆ ನೋಯಿಸಬೇಕಾಗಿಲ್ಲ.

ಹಲ್ಲಿನ ಮಾತು ಬಂದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಕ್ಕಳ ಹಾಲುಹಲ್ಲು ಬಿದ್ದಾಗ ಅದನ್ನು ಹಂಚಿನ ಮಾಡಿನ ಮೇಲೆ ಎಸೆಯುವುದು ನಮ್ಮಲ್ಲಿ ವಾಡಿಕೆ. ಆ ಹಲ್ಲಿನ ತಿರುಳಿನಲ್ಲಿಯೂ ಆಕರಕೋಶಗಳಿರುವುವೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ೨೦೦೩ರಲ್ಲಿ ಪ್ರಕಟಿಸಿದರು. ಒಂದು ಹಲ್ಲಿನಲ್ಲಿ ಅವರಿಗೆ ದೊರೆತ ಅಂತಹ ಕೋಶಗಳ ಸಂಖ್ಯೆ ಎಷ್ಟು? ಕೇವಲ ೧೨ರಿಂದ ೨೦! ಇತ್ತಕಡೆ ಚಿಕಿತ್ಸೆಯ ಪ್ರಯೋಗಗಳಲ್ಲಿ ರೋಗಿಯ ತೂಕದ ಪ್ರತಿ ಕಿಲೋಗ್ರಾಮಿಗೆ ೧೦ ಲಕ್ಷದಿಂದ ೨೦ ಲಕ್ಷ ಕೋಶಗಳನ್ನು ಕೊಡುವುದು ಸಾಮಾನ್ಯ. ಎಂದರೆ ೫೦ ಕಿಲೋಗ್ರಾಮ್ ತೂಗುವವರಿಗೆ ೧೦ ಕೋಟಿಯವರೆಗೂ ಬೇಕು. ಹನ್ನೆರಡು ಕೋಶಗಳು ೧೦ ಕೋಟಿಯಾಗಬೇಕಾದರೆ ೨೩ ಸಲ ಇಮ್ಮಡಿಯಾಗಬೇಕೆಂದು ಲೆಕ್ಕ ಹಾಕಿದರೆ ತಿಳಿಯುವುದು. ಆ ಇಪ್ಪತ್ತಮೂರು ತಲೆಮಾರುಗಳೂ ಹುಟ್ಟಿ ಬೆಳೆಯುವುದು ದೇಹದೊಳಗಲ್ಲ, ಪ್ರಯೋಗಶಾಲೆಯ ತಟ್ಟೆಗಳಲ್ಲಿ. ಆದುದರಿಂದ ರೋಗಿಗೆ ತಲಪುವುದು ದೇಹದಿಂದ ತೆಗೆದ ಕೋಶವಲ್ಲ. ಅದರ ಮರಿಮೊಮ್ಮಕ್ಕಳ ಮರಿಮೊಮ್ಮಕ್ಕಳು. ಅವು ಮೂಲದವುಗಳಂತೆಯೇ ಇವೆಯೇ ಎಂಬುದು ಸಾಕಿದ ರೀತಿಯನ್ನು ಅವಲಂಬಿಸಿದೆ.

ಉಸಿರು

ಕೋಶಗಳನ್ನು ಸಾಕುವುದು ಇನ್‌ಕ್ಯುಬೇಟರ್ ಎಂಬ ಕಾವುಪೆಟ್ಟಿಗೆಯಲ್ಲಿ. ಅದರೊಳಗೆ ನಮ್ಮ ದೇಹದಷ್ಟೇ ಬಿಸಿ, ಎಂದರೆ ೩೭ ಡಿಗ್ರಿ ಸೆಲ್ಸಿಯಸ್. ಗಾಳಿಗೆ ಶೇಕಡ ೫ರಷ್ಟು ಇಂಗಾಲಾಮ್ಲವಾಯುವನ್ನು ಬೆರೆಸಿರುವರು. ಆದರೆ ಆಮ್ಲಜನಕದ ವಿಷಯದಲ್ಲಿ ಒಂದು ತೊಡಕುಂಟು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವು ಸುಮಾರು ಶೇಕಡ ೨೧. ಆ ಗಾಳಿ ಶ್ವಾಸಕೋಶಕ್ಕೆ ಹೋಗಿ, ರಕ್ತದಲ್ಲಿ ಬೆರೆತು, ಅಸ್ಥಿಮಜ್ಜೆಯ ಒಳಮೂಲೆಗೆ ಮುಟ್ಟುವಷ್ಟರಲ್ಲಿ ಅದರ ಪ್ರಮಾಣವು ಸಾಮಾನ್ಯವಾಗಿ ಶೇಕಡ ೭ಕ್ಕಿಂತಲೂ ಕೆಳಗಿಳಿದಿರುವುದು. ಮೊದಲ ದಿನಗಳ ಭ್ರೂಣವು ಬೆಳೆಯುವ ಗರ್ಭಾಶಯದಲ್ಲಿಯೂ ಆಮ್ಲಜನಕವು ಹೀಗೆಯೇ ಅಲ್ಪ. ಅಲ್ಪದಲ್ಲಿ ಬಾಳಿದ ಕೋಶವನ್ನು ತಂದು ಕೋಣೆಯ ಗಾಳಿಯಲ್ಲಿ ಇರಿಸುವುದೆಂದರೆ, ನೆರಳಿನ ಗಿಡವನ್ನು ಕಿತ್ತು ಮೇ ತಿಂಗಳ ಬಿಸಿಲಿನಲ್ಲಿ ನೆಟ್ಟಂತೆ. ಆಮ್ಲಜನಕವು ಪ್ರಾಣಾಧಾರವಾದರೂ ಅತಿಯಾದಲ್ಲಿ ಕೋಶದ ಒಳಗನ್ನು ಸುಡುವ ಗುಣವುಳ್ಳದ್ದು.

ಅಮೆರಿಕದ ಮಿಸ್ಸೌರಿಯ ವಿಜ್ಞಾನಿಗಳು ೨೦೦೫ರಲ್ಲಿ ಪ್ರಕಟಿಸಿದಂತೆ, ಭ್ರೂಣಮೂಲದ ಆಕರಕೋಶಗಳನ್ನು ಕಡಿಮೆ ಆಮ್ಲಜನಕದಲ್ಲಿ ಸಾಕಿದಾಗ ಅವು ತಮ್ಮ ಮೂಲಗುಣವನ್ನು ಹೆಚ್ಚು ಚೆನ್ನಾಗಿ ಉಳಿಸಿಕೊಂಡವು. ಕೋಣೆಯ ಗಾಳಿಯ ಪ್ರಮಾಣದಲ್ಲಿ ಸಾಕಿದವು ಅಪೇಕ್ಷಿಸದೆಯೇ ಬೇರೆ ಬಗೆಯ ಕೋಶಗಳಾಗಿ ಮಾರ್ಪಡತೊಡಗಿದವು. ಇನ್ನೂ ಆಶ್ಚರ್ಯಕರವಾದ ಸಂಗತಿ ೨೦೧೦ರಲ್ಲಿ ಹೊರಬಂದಿತು. ಹೆಣ್ಣಿನ ಪ್ರತಿಯೊಂದು ಕೋಶದಲ್ಲಿಯೂ ಎಕ್ಸ್ ಎಂಬ ವರ್ಣತಂತುಗಳು ಎರಡಿರುವುವು. ಗರ್ಭದ ಆರಂಭದಲ್ಲಿ ಎರಡೂ ಕೆಲಸ ಮಾಡುತ್ತಿದ್ದು, ಬಳಿಕ ಒಂದು ಮುಚ್ಚಿಹೋಗುವುದು. ಶೇಕಡ ೫ರ ಆಮ್ಲಜನಕದಲ್ಲಿಯೇ ಬೇರ್ಪಡಿಸಿ ಸಾಕಿದ ಹೆಣ್ಣುಭ್ರೂಣದ ಕೋಶಗಳಲ್ಲಿ ಎರಡೂ ತೆರೆದಿದ್ದವು. ಅವುಗಳಿಗೆ ಕೋಣೆಯ ಗಾಳಿಯನ್ನು ಸೋಕಿಸಿದೊಡನೆ ಒಂದು ಮುಚ್ಚತೊಡಗಿತು. ಹಿಂದಿನ ಗಾಳಿಗೆ ಮರಳಿಸಿದರೂ ಮತ್ತೆ ತೆರೆಯಲಿಲ್ಲ. ಪ್ರಯೋಗಶಾಲೆಯ ಗಾಳಿಯೊಂದೇ ಕೋಶದ ಮೇಲೆ ಅಳಿಸಲಾಗದ ಗುರುತನ್ನು ಹಾಕಿತೆಂದಾಯಿತು.

ಉಣಿಸು

ಕೋಶಗಳಿಗೂ ಹಸಿವುಂಟು. ಸಕ್ಕರೆ, ಲವಣ, ಜೀವಸತ್ವ, ಪ್ರೋಟೀನುಗಳು ಕೂಡಿದ ತಿಳಿದ್ರವವೇ ಅವುಗಳ ಆಹಾರ. ಬಹುಕಾಲದಿಂದ ಇದಕ್ಕೆ ದನದ ಗರ್ಭದಲ್ಲಿರುವ ಕರುವಿನ ರಕ್ತದಿಂದ ಪಡೆದ ಸೀರಮನ್ನು ಬೆರೆಸುವ ಪದ್ಧತಿ ಬಂದಿದೆ. ರಕ್ತವು ಹೆಪ್ಪುಗಟ್ಟಿದ ಮೇಲೆ ತೇಲಿನಿಲ್ಲುವ ತಿಳಿಯೇ ಸೀರಮ್. ಅದರಲ್ಲಿ ಕೋಶಗಳನ್ನು ಬೆಳೆಸುವ ಶಕ್ತಿ ಹೇರಳವಾಗಿದೆ. ಆದರೆ ಒಂದು ಸಲದ ಸರಕು ಇನ್ನೊಂದು ಸಲದಂತೆ ಇರುವುದಿಲ್ಲ. ಇದರಿಂದ ಒಂದೇ ಕೋಶವು ಒಮ್ಮೆ ಚುರುಕಾಗಿಯೂ ಒಮ್ಮೆ ಮಂದವಾಗಿಯೂ ಬೆಳೆಯುವುದುಂಟು. ಪ್ರಾಣಿಗಳ ರೋಗವು ಮನುಷ್ಯನಿಗೆ ದಾಟುವ ಭಯವೂ ಇಲ್ಲದಿಲ್ಲ.

೨೦೦೫ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಮತ್ತೊಂದು ದೋಷವನ್ನು ಕಂಡುಹಿಡಿದರು. ದನ, ಇಲಿ ಮೊದಲಾದ ಪ್ರಾಣಿಗಳ ಕೋಶಗಳ ಹೊರಮೈಯಲ್ಲಿ ಸಕ್ಕರೆಯ ಜಾತಿಗೆ ಸೇರಿದ ಒಂದು ವಸ್ತುವಿದೆ. ಮನುಷ್ಯದೇಹವು ಅದನ್ನು ತಯಾರಿಸಲಾರದು. ಪ್ರಾಣಿಗಳ ಸೀರಮನ್ನುಂಡು, ಇಲಿಯ ಕೋಶಗಳ ಹಾಸಿನ ಮೇಲೆ ಬೆಳೆದ ಮನುಷ್ಯನ ಆಕರಕೋಶಗಳು ಆ ಪರಕೀಯ ವಸ್ತುವನ್ನು ಹೀರಿ ತಮ್ಮ ಮೈಮೇಲೆಯೇ ತೊಟ್ಟುಕೊಂಡಿದ್ದವು. ನಮ್ಮ ರಕ್ತದಲ್ಲಿ ಅದಕ್ಕೆ ವಿರುದ್ಧವಾದ ಪ್ರತಿಕಾಯಗಳು ಮೊದಲೇ ಇರುವುದರಿಂದ, ಅಂತಹ ಕೋಶವನ್ನು ರೋಗಿಗೆ ಕೊಟ್ಟರೆ ದೇಹವು ಅದನ್ನು ಶತ್ರುವೆಂದು ತಿಳಿದು ಕೊಲ್ಲುವ ಸಂಭವವುಂಟು. ಅನ್ನವು ಉಣ್ಣುವವನ ಮೈಗೆ ಹತ್ತುವುದೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು.

ಇದರಿಂದ ಎಚ್ಚತ್ತ ವಿಜ್ಞಾನಿಗಳು ಪ್ರಾಣಿಮೂಲದ ವಸ್ತುಗಳಿಲ್ಲದ ಆಹಾರಗಳನ್ನು ಸಿದ್ಧಪಡಿಸಿದರು. ಮನುಷ್ಯರಕ್ತದ ಕಿರುಬಿಲ್ಲೆಗಳಿಂದ, ಎಂದರೆ ಪ್ಲೇಟ್‌ಲೆಟ್‌ಗಳಿಂದ ತೆಗೆದ ಸಾರವು ಅವುಗಳಲ್ಲೊಂದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ೨೦೦೬ರಲ್ಲಿ, ಪ್ರತಿಯೊಂದು ಅಂಶವೂ ಇಂತಿಷ್ಟೆಂದು ಗೊತ್ತಿರುವ ಆಹಾರದಲ್ಲಿಯೇ ಎರಡು ಹೊಸ ಕೋಶವಂಶಗಳನ್ನು ಬೆಳೆಸಿದರು. ಆದರೆ ಅವುಗಳಲ್ಲಿ ಒಂದರ ವರ್ಣತಂತುಗಳ ಸಂಖ್ಯೆ ಮೊದಲಿನಿಂದಲೇ ಹೆಚ್ಚಾಗಿದ್ದಿತು. ಸರಿಯಾಗಿದ್ದ ಇನ್ನೊಂದರಲ್ಲಿ ಕೆಲವು ತಿಂಗಳು ಕಳೆದ ಮೇಲೆ ೧೨ನೆಯ ವರ್ಣತಂತುವಿನ ಪ್ರತಿಯೊಂದು ಅಧಿಕವಾಗಿ ಕಂಡುಬಂದಿತು. ಉಣಿಸು ಶುದ್ಧವಾದ ಮಾತ್ರಕ್ಕೆ ಸಾಕಣೆಯ ಚಿಂತೆ ತೀರುವುದಿಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ಹಾಸಿಗೆ

ಕೋಶಗಳನ್ನು ಸಾಕುವ ತಟ್ಟೆಗಳು ಗಟ್ಟಿಯಾದ ಪ್ಲಾಸ್ಟಿಕ್ಕಿನವು. ದೇಹದೊಳಗೆ ಎಲುಬು, ಹಲ್ಲುಗಳ ಹೊರತು ಇಷ್ಟು ಗಡುಸಾದ ವಸ್ತುವೇ ಇಲ್ಲ. ನಮ್ಮ ಮಿದುಳಿಗಿಂತ ಈ ಪ್ಲಾಸ್ಟಿಕ್ಕು ಲಕ್ಷಾಂತರ ಪಾಲು ಗಡುಸು. ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಆದರೆ ತಾನು ಕುಳಿತ ಹಾಸಿಗೆಯನ್ನು ಎಳೆದು ನೋಡಿ ಅದರ ಬಿಗಿಯನ್ನು ಅಳೆಯುವ ಶಕ್ತಿಯುಂಟು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆಡಂ ಎಂಗ್ಲರ್, ಡೆನ್ನಿಸ್ ಡಿಷರ್ ಮತ್ತು ಸಂಗಡಿಗರು ಇದನ್ನು ೨೦೦೬ರಲ್ಲಿ ತೋರಿಸಿಕೊಟ್ಟರು. ಈ ಸಂಗಡಿಗರಲ್ಲೊಬ್ಬರಾದ ಶಮಿಕ್ ಸೇನ್ ಅವರು ಮುಂದೆ ಮುಂಬಯಿಯ ಐ.ಐ.ಟಿ.ಯಲ್ಲಿ ಅಧ್ಯಾಪಕರಾದರು. ಅವರು ಲೋಳೆಯಂತಹ ಹಾಸುಗಳನ್ನು ಸಿದ್ಧಪಡಿಸಿ, ಕೆಲವನ್ನು ಅಕ್ಕಿಯ ಮಣ್ಣಿಯಂತೆ ಮೆತ್ತಗೂ ಕೆಲವನ್ನು ಹಲ್ವದಂತೆ ಬಿಗಿಯಾಗಿಯೂ ಮಾಡಿ, ಅಸ್ಥಿಮಜ್ಜೆಯ ಆಕರಕೋಶಗಳನ್ನು ಅವುಗಳ ಮೇಲೆ ಸಾಕಿದರು. ಆಹಾರವು ಎಲ್ಲಕ್ಕೂ ಒಂದೇ. ಮಿದುಳಿನಷ್ಟು ಮೃದುವಾದ ಹಾಸಿನ ಮೇಲಿದ್ದವು ನರದ ಕೋಶಗಳಂತೆ ಕವಲೊಡೆದವು. ಸ್ನಾಯುವಿನಷ್ಟು ಬಿಗಿಯಾದುದರ ಮೇಲಿದ್ದವು ಸ್ನಾಯುವಿನ ಕಡೆಗೂ, ಎಳೆಯ ಎಲುಬಿನಷ್ಟು ಗಡುಸಾದುದರ ಮೇಲಿದ್ದವು ಎಲುಬಿನ ಕಡೆಗೂ ಒಲಿದವು. ಹಾಸಿಗೆಯೇ ಕಸುಬನ್ನು ಕಲಿಸಿತು!

ಹಾಗಾದರೆ ಕೊನೆಯಲ್ಲಿ ಮೃದುವಾದ ಹಾಸಿಗೆ ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಕೊಲರಾಡೋ ವಿಶ್ವವಿದ್ಯಾಲಯದವರು ೨೦೧೪ರಲ್ಲಿ ತೋರಿಸಿದಂತೆ, ಗಡುಸು ತಟ್ಟೆಯಲ್ಲಿ ಹೆಚ್ಚು ದಿನ ಇದ್ದ ಕೋಶಗಳು ಮೆತ್ತನೆಯ ಹಾಸಿಗೆ ಬಂದ ಮೇಲೂ ಹಳೆಯ ನೆನಪನ್ನು ಬಿಡದೆ, ಎಲುಬಿನ ಕಡೆಗೇ ವಾಲಿದವು. ಸ್ವಲ್ಪ ದಿನ ಮಾತ್ರ ಇದ್ದವು ಆ ನೆನಪನ್ನು ಮರೆಯಬಲ್ಲವಾಗಿದ್ದವು.

ದಿನಗಳ ಎಣಿಕೆ

ಇನ್ನು ಕಾಲದ ವಿಷಯ. ತಟ್ಟೆ ತುಂಬಿದಾಗ ಕೋಶಗಳನ್ನು ಬಿಡಿಸಿ ಬೇರೆ ತಟ್ಟೆಗಳಿಗೆ ಹಂಚಬೇಕು. ಅಗೆ ಕಿತ್ತು ಗದ್ದೆಗೆ ನೆಡುವಂತೆಯೇ ಈ ಕೆಲಸ. ಹೀಗೆ ಎಷ್ಟು ಸಲ ಮಾಡಬಹುದು? ಸಾಮಾನ್ಯ ಮನುಷ್ಯಕೋಶಗಳು ಸುಮಾರು ೫೦ ಸಲ ಇಮ್ಮಡಿಯಾದ ಬಳಿಕ ನಿಂತುಹೋಗುವುವೆಂದು ಲಿಯೊನಾರ್ಡ್ ಹೇಫ್ಲಿಕ್ ಅವರು ೧೯೬೧ರಲ್ಲಿಯೇ ಪ್ರಕಟಿಸಿದ್ದರು. ಅಸ್ಥಿಮಜ್ಜೆ, ಹಲ್ಲು ಮುಂತಾದ ಕಡೆಯ ಆಕರಕೋಶಗಳಿಗೂ ಮುಪ್ಪು ತಪ್ಪದು. ತಲೆಮಾರುಗಳು ಹೆಚ್ಚಿದಂತೆ ಅವು ದಪ್ಪಗೆ ಚಪ್ಪಟೆಯಾಗಿ, ನಿಧಾನವಾಗಿ, ಬೇರೆ ಕೋಶವಾಗಿ ಮಾರ್ಪಡುವ ಶಕ್ತಿಯನ್ನು ಕಳೆದುಕೊಳ್ಳುವುವು. ಅಂಗಾಂಶಕೃಷಿಯ ಬಾಳೆಸಸಿಗಳನ್ನು ತಯಾರಿಸುವವರಿಗೂ ಇಂತಹ ಅನುಭವವುಂಟು: ಒಂದೇ ಕಂದಿನಿಂದ ಮಿತಿಮೀರಿ ಸಲಸಲವೂ ಸಸಿ ಮಾಡುತ್ತ ಹೋದರೆ ಗಿಡ್ಡನೆಯ, ಜಾತಿಗೆಟ್ಟ ಗಿಡಗಳು ಹೆಚ್ಚಾಗುವುವು.

ಭ್ರೂಣಮೂಲದ ಕೋಶಗಳಿಗೂ ಯಮನಾಕ ಅವರ ರೀತಿಯಲ್ಲಿ ಮಾಡಿದ ಕೋಶಗಳಿಗೂ ಮುಪ್ಪಿಲ್ಲ. ಆದರೆ ಅವುಗಳಿಗೆ ಬೇರೊಂದು ಗಂಡಾಂತರವಿದೆ. ವಿವಿಧ ದೇಶಗಳ ೩೮ ಪ್ರಯೋಗಶಾಲೆಗಳು ಸೇರಿ, ಭ್ರೂಣಮೂಲದ ೧೨೫ ಕೋಶವಂಶಗಳನ್ನೂ ಮೂರನೆಯ ಬಗೆಯ ೧೧ ಕೋಶವಂಶಗಳನ್ನೂ ಪರೀಕ್ಷಿಸಿ, ೨೦೧೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದವು. ಹೆಚ್ಚಿನವುಗಳ ವರ್ಣತಂತುಗಳು ಸರಿಯಾಗಿಯೇ ಇದ್ದವು. ಆದರೆ ಸಾಕಣೆ ದೀರ್ಘವಾದಂತೆ ೧, ೧೨, ೧೭, ೨೦ನೆಯ ವರ್ಣತಂತುಗಳಲ್ಲಿ ವ್ಯತ್ಯಾಸಗಳು ಸೇರುತ್ತ ಹೋಗಿದ್ದವು. ೨೦ನೆಯ ವರ್ಣತಂತುವಿನ ಒಂದು ಚಿಕ್ಕ ಭಾಗವು ಅಧಿಕವಾಗಿದ್ದುದು ಐದರಲ್ಲಿ ಒಂದಕ್ಕಿಂತಲೂ ಹೆಚ್ಚು ವಂಶಗಳಲ್ಲಿ ಕಂಡುಬಂದಿತು. ಆ ಭಾಗದಲ್ಲಿ ಕೋಶವನ್ನು ಸಾಯದಂತೆ ಕಾಯುವ ಒಂದು ಜೀನ್ ಇದೆ. ತಟ್ಟೆಯಿಂದ ತಟ್ಟೆಗೆ ಬದಲಾಯಿಸುವಾಗ ಬಹಳ ಕೋಶಗಳು ಸಾಯುವುವು. ಸಾವನ್ನು ಗೆದ್ದದ್ದು ಮಾತ್ರ ಮುಂದಿನ ತಟ್ಟೆಯನ್ನು ತುಂಬುವುದು. ಕೋಶಗಳನ್ನು ಒಂದೊಂದಾಗಿ ಬಿಡಿಸಿ ವರ್ಗಾಯಿಸಿದಾಗ ಈ ಕಾಟ ಹೆಚ್ಚೆಂದೂ, ಗುಂಪುಗುಂಪಾಗಿ ಮೆಲ್ಲನೆ ವರ್ಗಾಯಿಸಿದಾಗ ಕಡಿಮೆಯೆಂದೂ ಹಲವರು ಕಂಡಿರುವರು. ಗದ್ದೆಯಲ್ಲಿ ಪೈರಿಗಿಂತ ಕಳೆ ವೇಗವಾಗಿ ಬೆಳೆಯುವಂತೆ, ತಟ್ಟೆಯಲ್ಲಿ ಚೆನ್ನಾಗಿ ಹೆಚ್ಚಿದ ಕೋಶವೇ ರೋಗಿಗೆ ಒಳ್ಳೆಯದೆಂದು ಹೇಳುವಂತಿಲ್ಲ. ೨೦೧೭ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಭ್ರೂಣಮೂಲದ ೧೪೦ ವಂಶಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ೫ರಲ್ಲಿ ಅರ್ಬುದ ರೋಗವನ್ನು ತಡೆಯುವ ಮುಖ್ಯ ಜೀನೇ ಕೆಟ್ಟಿದ್ದಿತು.

ಇದು ಕಾಗದದ ಮೇಲಿನ ಭಯವಷ್ಟೇ ಅಲ್ಲ. ಜಪಾನಿನ ಕೋಬೆಯಲ್ಲಿ ಮಸಾಯೊ ತಕಹಾಶಿ ಅವರ ತಂಡವು ೨೦೧೪ರ ಸೆಪ್ಟೆಂಬರಿನಲ್ಲಿ, ಎಪ್ಪತ್ತು ದಾಟಿದ ಒಬ್ಬ ಮಹಿಳೆಯ ಚರ್ಮದಿಂದ ಪಡೆದ ಕೋಶಗಳನ್ನೇ ಅಕ್ಷಿಪಟದ ಕೋಶಗಳಾಗಿ ಬೆಳೆಸಿ ಆಕೆಯ ಕಣ್ಣಿಗೆ ಕೂಡಿಸಿತು. ಲೋಕದಲ್ಲಿ ಅದೇ ಮೊದಲು. ಎರಡನೆಯ ರೋಗಿಗೂ ಅವರದೇ ಕೋಶಗಳು ಸಿದ್ಧವಾಗಿದ್ದವು. ಆದರೆ ಪರೀಕ್ಷೆಯಲ್ಲಿ ಆ ಕೋಶಗಳ ಜೀನುಗಳಲ್ಲಿ ವ್ಯತ್ಯಾಸಗಳು ಕಂಡುಬಂದುದರಿಂದ ತಂಡವು ಶಸ್ತ್ರಕ್ರಿಯೆಯನ್ನು ನಡೆಸದೆ, ೨೦೧೫ರಲ್ಲಿ ಪ್ರಯೋಗವನ್ನೇ ತಡೆಹಿಡಿಯಿತು. “ನಿಮ್ಮದೇ ಕೋಶ, ನಿಮಗೇನು ಅಪಾಯ?” ಎಂದು ಹೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ.

ನಮ್ಮ ನಾಡಿನ ಕೆಲಸ

ಕರ್ನಾಟಕದ ವಿಜ್ಞಾನಿಗಳೂ ಈ ಕ್ಷೇತ್ರದಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮದಾರ್ ಅವರೂ ಸಂಗಡಿಗರೂ, ಸಂತಾನಚಿಕಿತ್ಸೆಗೆ ಯೋಗ್ಯವಲ್ಲವೆಂದು ಬಿಟ್ಟ ಭ್ರೂಣಗಳಿಂದ ಎರಡು ಆಕರಕೋಶವಂಶಗಳನ್ನು ಬೆಳೆಸಿ, ೨೦೦೯ರಲ್ಲಿ ಅವುಗಳ ವಿವರವನ್ನು ಪ್ರಕಟಿಸಿದರು. ಬಿ.ಜೆ.ಎನ್.ಹೆಮ್ ೧೯ ಮತ್ತು ಬಿ.ಜೆ.ಎನ್.ಹೆಮ್ ೨೦ ಎಂಬ ಇವು ಒಂದೇ ತಂದೆತಾಯಿಗಳ ಭ್ರೂಣಗಳಿಂದ ಬಂದ ಒಡಹುಟ್ಟುಗಳು. ಎಸೆಯಬೇಕಾಗಿದ್ದುದೂ ತಕ್ಕ ಆರೈಕೆ ದೊರೆತಲ್ಲಿ ಬೆಳೆಯಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಮಣಿಪಾಲದ ಸಮೂಹದಿಂದ ೨೦೦೬ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಗೊಂಡ ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆಯು, ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಒಟ್ಟುಗೂಡಿಸಿ ಸಾಕಿ, ಸ್ಟೆಂಪ್ಯೂಸೆಲ್ ಎಂಬ ಔಷಧವನ್ನು ಮಾಡಿದೆ. ಕಾಲಿನ ರಕ್ತನಾಳಗಳು ಕಟ್ಟಿಕೊಂಡು ಹುಣ್ಣಾಗಿ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರುವ ಬರ್ಗರ್ ರೋಗಕ್ಕೆ ಇದನ್ನು ಕೊಡಲು ಕೇಂದ್ರ ಔಷಧ ನಿಯಂತ್ರಕರು ೨೦೧೬ರಲ್ಲಿ ಮಿತವಾದ ಅನುಮತಿಯನ್ನೂ ೨೦೨೦ರಲ್ಲಿ ಪೂರ್ಣ ಅನುಮತಿಯನ್ನೂ ಇತ್ತರು. ಬೀಡಿ, ಸಿಗರೇಟು ಸೇದುವವರಿಗೇ ಹೆಚ್ಚಾಗಿ ಬರುವ ರೋಗವಿದು. ಇಂತಹ ಅನುಮತಿ ಕೊಡುವಾಗ ಕೋಶದ ಮೂಲವನ್ನಷ್ಟೇ ನೋಡುವುದಿಲ್ಲ; ಆಹಾರ, ತಲೆಮಾರುಗಳ ಸಂಖ್ಯೆ, ಪ್ರತಿಯೊಂದು ಸಲದ ಸರಕಿನ ಪರೀಕ್ಷೆ ಇವೆಲ್ಲವನ್ನೂ ಒಂದೇ ಕ್ರಮದಲ್ಲಿ ನಡೆಸುವುದಾಗಿ ತೋರಿಸಬೇಕು. ಔಷಧವೆಂದರೆ ಕೋಶ ಮಾತ್ರವಲ್ಲ, ಕೋಶ ಮತ್ತು ಸಾಕಣೆ ಎರಡೂ ಸೇರಿದುದು.

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರಾಲಯದ ಕಥೆ ಇನ್ನೂ ಬೋಧಪ್ರದವಾಗಿದೆ. ವೀಳ್ಯದ ಸುಣ್ಣವು ಮಕ್ಕಳ ಕಣ್ಣಿಗೆ ಸಿಡಿದು, ಕರಿಗುಡ್ಡೆಯ ಅಂಚಿನಲ್ಲಿರುವ ಆಕರಕೋಶಗಳು ಸುಟ್ಟುಹೋಗಿ, ದೃಷ್ಟಿ ಮಬ್ಬಾಗುವುದುಂಟು; ಎಲೆಯಡಿಕೆಯ ತಟ್ಟೆಯಿರುವ ಮನೆಗಳಲ್ಲಿ ಇದನ್ನು ನೆನಪಿಡತಕ್ಕದ್ದು. ಅಲ್ಲಿಯ ವೈದ್ಯರಾದ ವೀರೇಂದ್ರ ಸಾಂಗ್ವಾನ್ ಮತ್ತು ಸಂಗಡಿಗರು ೨೦೦೧ರಿಂದ, ರೋಗಿಯ ಒಳ್ಳೆಯ ಕಣ್ಣಿನ ಅಂಚಿನಿಂದ ಚಿಕ್ಕ ಚೂರನ್ನು ತೆಗೆದು, ಗರ್ಭವನ್ನು ಸುತ್ತಿರುವ ತೆಳ್ಳನೆಯ ಪೊರೆಯ ಮೇಲೆ ಸಾಕಿ, ಕೆಟ್ಟ ಕಣ್ಣಿಗೆ ಹಚ್ಚುತ್ತ ಬಂದರು. ಅವರು ದನದ ಸೀರಮನ್ನು ಬಿಟ್ಟು ರೋಗಿಯ ಸ್ವಂತ ಸೀರಮನ್ನೇ ಉಣಿಸಿದರು. ೨೦೧೧ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಲೆಕ್ಕದಲ್ಲಿ, ೨೦೦ ರೋಗಿಗಳಲ್ಲಿ ಶೇಕಡ ೭೧ ಮಂದಿಗೆ ಗುಣ ದೊರೆತಿತ್ತು. ಮರುವರ್ಷ ಅದೇ ವೈದ್ಯರು ಇನ್ನೂ ಸುಲಭವಾದ ಕ್ರಮವನ್ನು ಪ್ರಕಟಿಸಿದರು: ಚೂರನ್ನು ಸಣ್ಣಸಣ್ಣ ತುಣುಕುಗಳನ್ನಾಗಿ ಮಾಡಿ, ಪೊರೆಯೊಡನೆ ನೇರವಾಗಿ ಕೆಟ್ಟ ಕಣ್ಣಿನ ಮೇಲೆಯೇ ಇರಿಸುವುದು. ಪ್ರಯೋಗಶಾಲೆಯೇ ಬೇಡ, ಕಣ್ಣೇ ಅವುಗಳನ್ನು ಬೆಳೆಸುವುದು. ರಕ್ತರೋಗಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಲ್ಲಿಯೂ ಕೋಶಗಳನ್ನು ಸಾಮಾನ್ಯವಾಗಿ ಹೊರಗೆ ಬೆಳೆಸದೆ, ಇದ್ದಂತೆಯೇ ಕೊಡುವರು. ಬಹುಕಾಲದಿಂದ ಎಲ್ಲರೂ ಒಪ್ಪಿರುವ ಆಕರಕೋಶಚಿಕಿತ್ಸೆ ಇದೇ ಎಂಬುದನ್ನು ಗಮನಿಸತಕ್ಕದ್ದು.

ಗೃಹಸ್ಥರು ಕೇಳಬೇಕಾದುದು

ಮನೆಯಲ್ಲಿ ಕಾಯಿಲೆ ಬಂದಾಗ ಆಸೆಯು ಬುದ್ಧಿಗಿಂತ ಮುಂದೆ ಓಡುವುದು ಸಹಜ. ಬಂಗಾರವನ್ನು ಅಡವಿಟ್ಟು, ಅಡಿಕೆತೋಟವನ್ನು ಮಾರಿ ಚಿಕಿತ್ಸೆ ಮಾಡಿಸುವ ತಂದೆತಾಯಿಗಳನ್ನು ನಾವು ಹಳಿಯಲಾರೆವು. ಆದರೆ ಹಣ ಕೊಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಅವರ ಹಕ್ಕು. ಕೋಶಗಳನ್ನು ಹೊರಗೆ ಬೆಳೆಸಿರುವರೋ, ಇಲ್ಲವೋ? ಬೆಳೆಸಿದ್ದರೆ ಯಾವ ಆಹಾರದಲ್ಲಿ, ಎಷ್ಟು ತಲೆಮಾರು? ವರ್ಣತಂತುಗಳನ್ನೂ ಸೋಂಕನ್ನೂ ಪರೀಕ್ಷಿಸಿದ ವರದಿ ಇದೆಯೇ? ಈ ರೋಗಕ್ಕೆ ಈ ಕೋಶವನ್ನು ಕೊಡಲು ಔಷಧ ನಿಯಂತ್ರಕರ ಅನುಮತಿಯಿದೆಯೇ? ಇನ್ನೂ ಪ್ರಯೋಗದ ಹಂತದಲ್ಲಿದ್ದರೆ ಅದು ಭಾರತೀಯ ಪ್ರಯೋಗ ದಾಖಲೆಯಲ್ಲಿ ನೋಂದಣಿಯಾಗಿದೆಯೇ?

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಂಗೀಕೃತವಾದ ರಕ್ತಸಂಬಂಧಿ ರೋಗಗಳೇ ಮೊದಲಾದ ಸಂದರ್ಭಗಳನ್ನು ಬಿಟ್ಟು, ಆಕರಕೋಶಗಳನ್ನು ರೋಗಿಗೆ ಕೊಡುವುದು ಪ್ರಯೋಗದ ಚೌಕಟ್ಟಿನೊಳಗೆ ಮಾತ್ರ ನಡೆಯತಕ್ಕದ್ದು. ಅಂತಹ ಪ್ರಯೋಗಕ್ಕೆ ಸೇರಿದ ರೋಗಿಯಿಂದ ಹಣ ವಸೂಲು ಮಾಡತಕ್ಕದ್ದಲ್ಲ. ಹೊಕ್ಕುಳಬಳ್ಳಿಯ ರಕ್ತವನ್ನು ಮಗುವಿನ ಮುಂದಿನ ಸ್ವಂತ ಉಪಯೋಗಕ್ಕೆಂದು ಖಾಸಗಿಯಾಗಿ ಕಾದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದೂ ಅದು ಹೇಳಿದೆ. ಮನೆಯಲ್ಲಿ ಈಗಾಗಲೇ ರಕ್ತರೋಗವುಳ್ಳ ಅಣ್ಣನೋ ಅಕ್ಕನೋ ಇದ್ದರೆ ಮಾತು ಬೇರೆ. ಅದನ್ನು ವೈದ್ಯರೊಡನೆ ಕುಳಿತು ನಿಶ್ಚಯಿಸಬೇಕು.

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡಬಲ್ಲವರು ಪ್ರಶ್ನೆಯಿಂದ ಸಿಟ್ಟಾಗುವುದಿಲ್ಲ. ಕೋಶವನ್ನು ಎಚ್ಚರದಿಂದ ಸಾಕಿದವರಿಗೆ ಅದರ ಉಸಿರು, ಉಣಿಸು, ಹಾಸಿಗೆ, ವಯಸ್ಸು ಎಲ್ಲವೂ ಬರಹದಲ್ಲಿಯೇ ಇರುವುವು. ಅಂತಹ ಬರಹವನ್ನು ತೋರಿಸಲಾರದೆಡೆಗೆ ರೋಗಿಯನ್ನು ಕರೆದೊಯ್ಯುವ ಮುನ್ನ, ನಮ್ಮ ವಾಚಕರು ಮನೆಯ ಹಿರಿಯರೊಡನೆಯೂ ತಮ್ಮ ನೆಚ್ಚಿನ ವೈದ್ಯರೊಡನೆಯೂ ಇನ್ನೊಮ್ಮೆ ಆಲೋಚಿಸಬೇಕೆಂದು ನಮ್ಮ ವಿನಂತಿ.